ಓಟಕ್ಕೆ ಸಾಲದ ಊಟ: ಮುಟ್ಟು ನಿಂತ ಓಟಗಾರ್ತಿಗೆ ಉತ್ತರ

ಪ್ರಶ್ನೆ: ನನಗೆ 34 ವರ್ಷ, ದಾವಣಗೆರೆಯಲ್ಲಿ ಬ್ಯಾಂಕ್ ಉದ್ಯೋಗಿ. ಆರು ವರ್ಷದ ಮಗಳಿದ್ದಾಳೆ. ನಡಿಗೆಯಿಂದ ಶುರು ಮಾಡಿ ಈಗ ವಾರಕ್ಕೆ 55 ಕಿ.ಮೀ. ಓಡುತ್ತೇನೆ. ಎರಡು ಹಾಫ್ ಮ್ಯಾರಥಾನ್ ಮುಗಿಸಿದ್ದೇನೆ. ಬರುವ ಜನವರಿಯಲ್ಲಿ ಮುಂಬೈನಲ್ಲಿ ಪೂರ್ತಿ ಮ್ಯಾರಥಾನ್ ಓಡಲು ಹೆಸರು ನೋಂದಾಯಿಸಿದ್ದೇನೆ. ಒಂದು ವರ್ಷದಲ್ಲಿ ತೂಕ 58ರಿಂದ 50 ಕಿಲೋಗೆ ಇಳಿದಿದೆ, ಎತ್ತರ 160 ಸೆಂ.ಮೀ. ಐದು ತಿಂಗಳಿಂದ ಮುಟ್ಟಾಗಿಲ್ಲ. ನಡುವೆ ವೈದ್ಯರು 21 ದಿನದ ಮಾತ್ರೆ ಕೊಟ್ಟಾಗ ಒಮ್ಮೆ ಸ್ರಾವವಾಯಿತು, ಆಮೇಲೆ ಮತ್ತೆ ನಿಂತಿತು. 'ಗಂಭೀರವಾಗಿ ಓಡುವವರಿಗೆ ಹೀಗಾಗುವುದು ಸಹಜ, ತರಬೇತಿ ಮೈಗೆ ಹತ್ತಿದೆ ಎಂದರ್ಥ' ಎನ್ನುತ್ತಾರೆ ನಮ್ಮ ಗುಂಪಿನ ತರಬೇತುದಾರರು. 'ಇಷ್ಟು ಓಡಿದರೆ ಗರ್ಭಕೋಶ ಜಾರುತ್ತದೆ, ಮಂಡಿ ಸವೆಯುತ್ತದೆ, ಮೈ ಎಷ್ಟು ಇಳಿದಿದೆ ನೋಡು' ಎನ್ನುತ್ತಾರೆ ಅತ್ತೆ. ಮೂರು ವಾರದಿಂದ ಎಡಗಾಲಿನ ಮೂಳೆಯ ಒಳಬದಿಯಲ್ಲಿ ಒಂದೇ ಜಾಗದಲ್ಲಿ, ನಾಣ್ಯದಷ್ಟು ಅಗಲಕ್ಕೆ ನೋವು. ಮೆಟ್ಟಿಲು ಇಳಿಯುವಾಗಲೂ ಇರುತ್ತದೆ, ರಾತ್ರಿ ಎಚ್ಚರವಾಗುತ್ತದೆ. ನೋವು ಶುರುವಾದ ವಾರವೇ ಎಕ್ಸ್‌ರೇ ತೆಗೆಸಿದೆ, ಏನೂ ಇಲ್ಲ ಎಂದರು. ಹಿಮೋಗ್ಲೋಬಿನ್ 11.2. ನಾನು ಓಟ ನಿಲ್ಲಿಸಬೇಕೇ? ಎರಡನೇ ಮಗು ಬೇಕೆಂದಿದ್ದೇವೆ, ತೊಂದರೆಯಾಗುತ್ತದೆಯೇ? ಮುಂಬೈಗೆ ಹೋಗಬಹುದೇ? (ಓಡುವಾಗ ಕೆಲವೊಮ್ಮೆ ಮೂತ್ರ ಸೋರುತ್ತದೆ. ಇದನ್ನು ಯಾರಿಗೂ ಹೇಳಿಲ್ಲ.)

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಕಾಲಿನ ನೋವು. ಆದ್ದರಿಂದ ಅದರ ಮಾತನ್ನು ಮೊದಲು ಮುಗಿಸುತ್ತೇನೆ. ಇವತ್ತಿನಿಂದಲೇ ಓಟ ನಿಲ್ಲಿಸಿ. ಶಾಶ್ವತವಾಗಿ ಅಲ್ಲ, ಆ ಕಾಲನ್ನು ಯಾರಾದರೂ ಸರಿಯಾಗಿ ಪರೀಕ್ಷಿಸುವವರೆಗೆ.

ಓಟಗಾರರ ಕಣಕಾಲಿನ ನೋವು ಎರಡು ಬಗೆ. ಮೂಳೆಯ ಒಳ ಅಂಚಿನುದ್ದಕ್ಕೂ ಒಂದು ಗೇಣಿನಷ್ಟು ಹರಡಿಕೊಂಡು, ಓಟದ ಆರಂಭದಲ್ಲಿ ಕಾಡಿ, ಮೈ ಬಿಸಿಯಾದ ಮೇಲೆ ಕಡಿಮೆಯಾಗುವ ನೋವು ಒಂದು. ಇದನ್ನು ಓಟಗಾರರು ಶಿನ್ ಸ್ಪ್ಲಿಂಟ್ ಎನ್ನುತ್ತಾರೆ, ಇದರಲ್ಲಿ ಅಪಾಯ ಕಡಿಮೆ. ಬೆರಳಿನಿಂದ ಒತ್ತಿ 'ಇಲ್ಲೇ' ಎಂದು ತೋರಿಸಬಹುದಾದ, ಓಡಿದಷ್ಟೂ ಹೆಚ್ಚುವ, ನಡೆದಾಗಲೂ ಮಲಗಿದಾಗಲೂ ಬಿಡದ ನೋವು ಇನ್ನೊಂದು. ಅದು ಮೂಳೆಯೊಳಗಿನ ಸೂಕ್ಷ್ಮ ಬಿರುಕಿನ ಲಕ್ಷಣ, ಅಂದರೆ ಸ್ಟ್ರೆಸ್ ಫ್ರಾಕ್ಚರ್. ನೀವು ಬರೆದಿರುವುದು ಅಕ್ಷರಶಃ ಎರಡನೆಯದು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ ಎಂಬುದರಿಂದ ಸಮಾಧಾನ ಪಡಬೇಡಿ. ಮೊದಲ ಎರಡು ಮೂರು ವಾರಗಳಲ್ಲಿ ಇಂಥ ಬಿರುಕು ಎಕ್ಸ್‌ರೇಗೆ ಸಿಗದಿರುವುದೇ ಹೆಚ್ಚು. ಎಂ.ಆರ್.ಐ. ಮಾಡಿಸಿದರೆ ಮೂಳೆಯೊಳಗಿನ ಊತ ಆರಂಭದಲ್ಲೇ ಗೊತ್ತಾಗುತ್ತದೆ. ಅದರ ಖರ್ಚು ಸದ್ಯಕ್ಕೆ ಕಷ್ಟವೆನಿಸಿದರೆ, ಬಿರುಕು ಇದೆ ಎಂದೇ ಭಾವಿಸಿ ನಡೆದುಕೊಳ್ಳುವುದು ಎರಡನೆಯ ದಾರಿ. ಅದರಿಂದ ಆಗಬಹುದಾದ ನಷ್ಟ ಕೆಲವು ವಾರಗಳ ಓಟ, ಅಷ್ಟೆ. ಇಲ್ಲ ಎಂದು ಭಾವಿಸಿ ಓಡಿದರೆ, ಸೂಕ್ಷ್ಮ ಬಿರುಕು ಪೂರ್ತಿ ಮುರಿತವಾಗುವ ಸಾಧ್ಯತೆ ಇದೆ.

ನೋವಿನ ಮಾತ್ರೆ ನುಂಗಿ ಭಾನುವಾರದ ಉದ್ದ ಓಟ ಮುಗಿಸುವ ಅಭ್ಯಾಸ ಅನೇಕ ಗುಂಪುಗಳಲ್ಲಿದೆ. ದಯವಿಟ್ಟು ಆ ದಾರಿ ಹಿಡಿಯಬೇಡಿ. ಮಾತ್ರೆ ಮೂಳೆಯನ್ನು ಕೂಡಿಸುವುದಿಲ್ಲ, ಎಚ್ಚರಿಕೆಯನ್ನು ಮಾತ್ರ ಅಡಗಿಸುತ್ತದೆ. ಜೊತೆಗೆ ಬೆವರು ಹರಿದು ನೀರು ಕಡಿಮೆಯಾದ ಮೈಯಲ್ಲಿ ಅದು ಮೂತ್ರಪಿಂಡಕ್ಕೂ ಹೊರೆ. ಇನ್ನೊಂದು ಮಾತು: ನೋವು ಕಣಕಾಲಿನ ಮುಂಭಾಗದ ನಡುವಿಗೆ ಬಂದರೆ ಅಥವಾ ತೊಡೆಸಂದಿನಲ್ಲಿ ಕಾಣಿಸಿಕೊಂಡರೆ ವಾರಗಟ್ಟಲೆ ಕಾಯುವ ಮಾತೇ ಇಲ್ಲ. ಅದರಲ್ಲೂ ತೊಡೆಸಂದಿನ ನೋವು ತೊಡೆಮೂಳೆಯ ಕುತ್ತಿಗೆಯ ಬಿರುಕಾಗಿರಬಹುದು. ಆಗ ಆ ಕಾಲಿನ ಮೇಲೆ ಭಾರ ಹಾಕದೆ ಅದೇ ದಿನ ಮೂಳೆ ವೈದ್ಯರನ್ನು ಕಾಣಬೇಕು.

ಇನ್ನು ಮುಟ್ಟಿನ ವಿಚಾರ. ನಿಮ್ಮ ಕಾಲಿನ ನೋವು, ನಿಂತ ಮುಟ್ಟು, ಇಳಿದ ತೂಕ, 11.2ರ ಹಿಮೋಗ್ಲೋಬಿನ್ ಇವುಗಳನ್ನು ನೀವು ನಾಲ್ಕು ಬೇರೆ ಬೇರೆ ತೊಂದರೆಗಳಂತೆ ಬರೆದಿದ್ದೀರಿ. ನನಗೆ ಅವು ಒಂದೇ ಕಾರಣದ ನಾಲ್ಕು ಮುಖಗಳಂತೆ ಕಾಣುತ್ತಿವೆ. ನೀವು ಓಡುವಷ್ಟಕ್ಕೆ ಸಾಲುವಷ್ಟು ತಿನ್ನುತ್ತಿಲ್ಲ.

ಸಂಬಳ ಅರ್ಧವಾದ ಮನೆಯಲ್ಲಿ ಮೊದಲು ನಿಲ್ಲುವುದು ಅಕ್ಕಿ, ಬೇಳೆಯ ಖರ್ಚಲ್ಲ, ಮುಂದಿನ ವರ್ಷದ ಯೋಜನೆಗಳು. ಮೈಯೂ ಹಾಗೆಯೇ ಮಾಡುತ್ತದೆ. ಹೃದಯ ಬಡಿಯಬೇಕು, ಮೆದುಳು ನಡೆಯಬೇಕು, ನೀವು ಹಟ ಹಿಡಿದಿರುವುದರಿಂದ ಕಾಲೂ ಓಡಬೇಕು. ಇವೆಲ್ಲಕ್ಕೂ ಕೊಟ್ಟ ಮೇಲೆ ಉಳಿಯುವ ಶಕ್ತಿ ತೀರಾ ಕಡಿಮೆಯಾದಾಗ ಮೆದುಳಿನ ಹೈಪೋಥಾಲಮಸ್ ಎಂಬ ಭಾಗ ಸಂತಾನದ ಕೆಲಸವನ್ನು ಮುಂದೂಡುತ್ತದೆ. ಅಲ್ಲಿಂದ ಪಿಟ್ಯುಟರಿ ಗ್ರಂಥಿಗೆ ಹೋಗಬೇಕಾದ ಸಂಕೇತ ಕ್ಷೀಣಿಸುತ್ತದೆ, ಅಂಡಾಶಯಕ್ಕೆ ಆದೇಶ ತಲುಪುವುದಿಲ್ಲ, ಅಂಡಾಣು ಬೆಳೆಯುವುದಿಲ್ಲ, ಈಸ್ಟ್ರೊಜನ್ ಇಳಿಯುತ್ತದೆ, ಮುಟ್ಟು ನಿಲ್ಲುತ್ತದೆ. ಇಲ್ಲಿ ಅಂಡಾಶಯ ಕೆಟ್ಟಿಲ್ಲ, ಗರ್ಭಕೋಶವೂ ಕೆಟ್ಟಿಲ್ಲ. ಅವು ಆದೇಶಕ್ಕಾಗಿ ಕಾಯುತ್ತಿವೆ.

ಈಸ್ಟ್ರೊಜನ್‌ಗೆ ಮುಟ್ಟಿನ ಹೊರಗೂ ದೊಡ್ಡ ಕೆಲಸವಿದೆ. ನಮ್ಮ ಮೂಳೆ ದಿನವೂ ಸ್ವಲ್ಪ ಸ್ವಲ್ಪ ಒಡೆದು ಮತ್ತೆ ಕಟ್ಟಿಕೊಳ್ಳುತ್ತಿರುತ್ತದೆ; ಒಡೆಯುವ ಕೆಲಸ ಮಿತಿ ಮೀರದಂತೆ ತಡೆಯುವುದು ಈ ಹಾರ್ಮೋನು. ಅದು ಕಡಿಮೆಯಾದಾಗ ಒಡೆತ ಹೆಚ್ಚುತ್ತದೆ. ಶಕ್ತಿಯ ಕೊರತೆಯಿಂದ ಕಟ್ಟುವ ಕೆಲಸವೂ ನಿಧಾನವಾಗುತ್ತದೆ. ಅದೇ ಮೂಳೆಯ ಮೇಲೆ ನೀವು ವಾರಕ್ಕೆ 55 ಕಿಲೋಮೀಟರ್ ಹೆಜ್ಜೆ ಹಾಕುತ್ತಿದ್ದೀರಿ. ಎಡಗಾಲಿನ ನಾಣ್ಯದಗಲದ ನೋವಿಗೂ ಐದು ತಿಂಗಳಿಂದ ನಿಂತ ಮುಟ್ಟಿಗೂ ಇರುವ ನಂಟು ಇದು. ಕ್ರೀಡಾ ವೈದ್ಯಕೀಯ 1990ರ ದಶಕದಲ್ಲೇ ಕಡಿಮೆ ಆಹಾರ, ನಿಂತ ಮುಟ್ಟು, ಸವೆದ ಮೂಳೆ ಮೂರನ್ನೂ ಒಟ್ಟಿಗೆ ಗುರುತಿಸಿತ್ತು. 2014ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು ಇದನ್ನು ವಿಸ್ತರಿಸಿ ರೆಡ್-ಎಸ್, ಅಂದರೆ ಕ್ರೀಡೆಯಲ್ಲಿ ಕಾಣುವ ಶಕ್ತಿಯ ಕೊರತೆ, ಎಂದು ಹೆಸರಿಟ್ಟರು. ರೋಗನಿರೋಧಕ ಶಕ್ತಿ, ಮನಸ್ಸು, ಜೀರ್ಣಾಂಗ, ಹೃದಯ ಎಲ್ಲವೂ ಇದರಿಂದ ಬಳಲುತ್ತವೆ. ಗಂಡಸರಿಗೂ ಇದು ಬರುತ್ತದೆ, ಆದರೆ ಅವರಿಗೆ ಮುಟ್ಟಿನಂತಹ ಸ್ಪಷ್ಟ ಸೂಚನೆ ಇಲ್ಲ. ನಿಮಗೆ ಸೂಚನೆ ಸಿಕ್ಕಿದೆ.

ಆದ್ದರಿಂದ ತರಬೇತುದಾರರ ಮಾತನ್ನು ನಾನು ಒಪ್ಪುವುದಿಲ್ಲ, ಮೃದುವಾಗಿ ಹೇಳುವ ಮನಸ್ಸೂ ಇಲ್ಲ. ಮುಟ್ಟು ನಿಲ್ಲುವುದು ಓಟಗಾರ್ತಿಯರಲ್ಲಿ ಆಗಾಗ ಕಂಡುಬರುತ್ತದೆ ಎಂಬುದು ನಿಜ. ಆಗಾಗ ಕಂಡ ಮಾತ್ರಕ್ಕೆ ಅದು ಸಹಜವಾಗುವುದಿಲ್ಲ. ತರಬೇತಿ ಮೈಗೆ ಹತ್ತಿದ ಲಕ್ಷಣವಂತೂ ಖಂಡಿತ ಅಲ್ಲ. ಈ ಒಂದು ಮಾತನ್ನು ನಂಬಿ ವರ್ಷಗಟ್ಟಲೆ ಸುಮ್ಮನಿದ್ದು, ಮೂಳೆ ಮುರಿದ ಮೇಲೆ ಬಂದ ಹೆಣ್ಣುಮಕ್ಕಳನ್ನು ಕಂಡಿದ್ದೇನೆ. ವಾರಕ್ಕೆ ನಿಮಗಿಂತ ಎರಡು ಪಟ್ಟು ಓಡಿಯೂ ತಿಂಗಳು ತಿಂಗಳು ಸರಿಯಾಗಿ ಮುಟ್ಟಾಗುವ ಓಟಗಾರ್ತಿಯರಿದ್ದಾರೆ. ಅವರು ಹೊಟ್ಟೆ ತುಂಬ ತಿನ್ನುತ್ತಾರೆ.

ಅತ್ತೆಯವರ ಮಾತಿಗೆ ಬರೋಣ. ಗರ್ಭಕೋಶ ಜಾರುತ್ತದೆ ಎಂಬ ಹೆದರಿಕೆ ದಾವಣಗೆರೆಯದು ಮಾತ್ರವಲ್ಲ. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ 800 ಮೀಟರ್ ಓಟದ ನಂತರ ಸ್ಪರ್ಧಿಗಳು ಕುಸಿದು ಬಿದ್ದರೆಂದು ಪತ್ರಿಕೆಗಳು ಉತ್ಪ್ರೇಕ್ಷೆ ಮಾಡಿ ಬರೆದವು. ಆ ಓಟ ಮಹಿಳೆಯರಿಗೆ ಒಲಿಂಪಿಕ್ಸ್‌ನಲ್ಲಿ ಮತ್ತೆ ಸಿಕ್ಕಿದ್ದು 1960ರಲ್ಲಿ. ಹೆಣ್ಣಿನ ದೇಹಕ್ಕೆ ಮ್ಯಾರಥಾನ್ ದೂರ ಓಡುವ ಶಕ್ತಿಯಿಲ್ಲ ಎಂದು ಬಾಸ್ಟನ್ ಮ್ಯಾರಥಾನ್‌ನ ಸಂಘಟಕರು ಬಾಬಿ ಗಿಬ್ ಅವರ ಅರ್ಜಿಯನ್ನು ತಿರಸ್ಕರಿಸಿದ್ದರು. 1966ರಲ್ಲಿ ಅವರು ಆರಂಭದ ಗೆರೆಯ ಬಳಿ ಪೊದೆಯಲ್ಲಿ ಅಡಗಿ ಕುಳಿತಿದ್ದು, ಸಂಖ್ಯೆಯ ಚೀಟಿಯಿಲ್ಲದೆ ಓಡಿ ಮುಗಿಸಿದರು. ಮರುವರ್ಷ ಕ್ಯಾಥರೀನ್ ಸ್ವಿಟ್ಜರ್ 261ನೇ ಸಂಖ್ಯೆ ಧರಿಸಿ ಓಡುತ್ತಿದ್ದಾಗ ಅಧಿಕಾರಿಯೊಬ್ಬರು ಆ ಚೀಟಿ ಕಿತ್ತುಕೊಳ್ಳಲು ಮೈಮೇಲೆ ಬಂದರು. ಅಲ್ಲಿ ಮಹಿಳೆಯರಿಗೆ ಅಧಿಕೃತ ಪ್ರವೇಶ ಸಿಕ್ಕಿದ್ದು 1972ರಲ್ಲಿ, ಒಲಿಂಪಿಕ್ಸ್‌ನಲ್ಲಿ ಮಹಿಳಾ ಮ್ಯಾರಥಾನ್ ಬಂದಿದ್ದು 1984ರಲ್ಲಿ. ನಮ್ಮ ದೇಶದ ಒ.ಪಿ. ಜೈಶಾ 2015ರಲ್ಲಿ ಬೀಜಿಂಗ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 2 ಗಂಟೆ 34 ನಿಮಿಷ 43 ಸೆಕೆಂಡಿನಲ್ಲಿ ಓಡಿ ರಾಷ್ಟ್ರೀಯ ದಾಖಲೆ ಬರೆದರು. ಈ ಎಲ್ಲ ವರ್ಷಗಳಲ್ಲಿ ಲಕ್ಷಾಂತರ ಹೆಂಗಸರು ಓಡಿದ್ದಾರೆ, ಓಟದಿಂದ ಗರ್ಭಕೋಶ ಜಾರುತ್ತದೆ ಎಂಬುದಕ್ಕೆ ಆಧಾರ ಸಿಕ್ಕಿಲ್ಲ. ಗರ್ಭಕೋಶ ಜಾರಲು ಮುಖ್ಯ ಕಾರಣಗಳು ಹೆರಿಗೆಯಲ್ಲಿ ಆದ ಪೆಟ್ಟು, ವಯಸ್ಸು, ಬಹುಕಾಲದ ಮಲಬದ್ಧತೆ, ಬಿಡದ ಕೆಮ್ಮು, ಭಾರ ಎತ್ತುವ ದುಡಿಮೆ.

ಮಂಡಿಯ ಮಾತೂ ಅಷ್ಟೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರಲ್ಲಿ ಮಂಡಿ ಮತ್ತು ಸೊಂಟದ ಕೀಲು ಸವೆತ ಕಂಡುಬಂದಿದ್ದು ಹವ್ಯಾಸಿ ಓಟಗಾರರಲ್ಲಿ ನೂರಕ್ಕೆ 3.5 ಮಂದಿಗೆ, ಓಡದೆ ಕುಳಿತಿರುವವರಲ್ಲಿ 10.2 ಮಂದಿಗೆ. ಸ್ಪರ್ಧೆಯೇ ವೃತ್ತಿಯಾದವರಲ್ಲಿ ಅದು 13.3ಕ್ಕೆ ಏರಿತ್ತು ಎಂಬುದನ್ನೂ ಹೇಳಬೇಕು. ನೀವು ಮೊದಲ ಗುಂಪಿನವರು.

ಆದರೂ ಅತ್ತೆಯವರು ಒಂದು ವಿಷಯವನ್ನು ಎಲ್ಲರಿಗಿಂತ ಸರಿಯಾಗಿ ಕಂಡಿದ್ದಾರೆ. ನಿಮ್ಮ ಮೈ ಇಳಿದಿದೆ. ಕಾರಣವನ್ನು ಅವರು ತಪ್ಪಾಗಿ ಊಹಿಸಿರಬಹುದು, ನೋಟ ತಪ್ಪಿಲ್ಲ. ಅವರೊಡನೆ ವಾದ ಮಾಡುವ ಬದಲು, 'ನೀವು ಹೇಳಿದ್ದು ನಿಜ, ನನಗೆ ಊಟ ಸಾಲುತ್ತಿಲ್ಲವಂತೆ' ಎಂದು ಹೇಳಿ ನೋಡಿ. ಅಡುಗೆಮನೆಯಲ್ಲಿ ನಿಮ್ಮ ಪಕ್ಷಕ್ಕೆ ನಿಲ್ಲಲು ಅವರಿಗಿಂತ ಒಳ್ಳೆಯವರು ಸಿಗುವುದಿಲ್ಲ.

ಪತ್ರದ ಜೊತೆ ನೀವು ಕಳುಹಿಸಿದ ಒಂದು ವಾರದ ಊಟದ ಪಟ್ಟಿಯನ್ನು ನೋಡಿದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಓಟ, ಬಂದು ಟೀ, ಮಧ್ಯಾಹ್ನದವರೆಗೆ ಉಪವಾಸ, ಎರಡು ಜೋಳದ ರೊಟ್ಟಿ ಪಲ್ಯ, ಸಂಜೆ ಒಂದು ಹಣ್ಣು, ರಾತ್ರಿ ಅನ್ನ ಬಿಟ್ಟು ಬರಿಯ ಸಾರು ಮತ್ತು ಕೋಸಂಬರಿ. ಸೋಮವಾರ ಒಪ್ಪತ್ತು. ಮೊಬೈಲ್ ಆ್ಯಪ್ ಪ್ರಕಾರ ದಿನಕ್ಕೆ 1,400 ಕ್ಯಾಲೊರಿ. ಸ್ವಲ್ಪ ಲೆಕ್ಕ ಹಾಕೋಣ. ಒಂದು ಕಿಲೋಮೀಟರ್ ಓಡಲು ಕಿಲೋ ತೂಕಕ್ಕೆ ಸುಮಾರು ಒಂದು ಕ್ಯಾಲೊರಿ ಖರ್ಚು. 50 ಕಿಲೋ ತೂಗುವ ನಿಮಗೆ ವಾರದ 55 ಕಿ.ಮೀ.ಗೆ 2,750, ಅಂದರೆ ದಿನಕ್ಕೆ ಸರಾಸರಿ 390. ಅದನ್ನು ಕಳೆದರೆ ಉಸಿರಾಟದಿಂದ ಮೂಳೆ ಕಟ್ಟುವವರೆಗೆ ಉಳಿದೆಲ್ಲ ಕೆಲಸಕ್ಕೆ ಮೈಗೆ ಸಿಗುವುದು 1,010. ಕೊಬ್ಬನ್ನು ಬಿಟ್ಟು ನಿಮ್ಮ ದೇಹದ ತೂಕ ಸುಮಾರು 40 ಕಿಲೋ ಎಂದಿಟ್ಟುಕೊಂಡರೆ ಕಿಲೋಗೆ 25 ಕ್ಯಾಲೊರಿ. ಆರೋಗ್ಯವಂತ ಹೆಣ್ಣಿಗೆ ಇದು 45ರ ಆಸುಪಾಸಿನಲ್ಲಿರಬೇಕು. 30ಕ್ಕಿಂತ ಕೆಳಗೆ ಹೋದಾಗ ಹಾರ್ಮೋನುಗಳು ಏರುಪೇರಾಗುವುದು ಪ್ರಯೋಗಗಳಲ್ಲಿ ಕಂಡಿದೆ. 20 ಕಿ.ಮೀ. ಓಡುವ ಭಾನುವಾರ ಅದು 10ಕ್ಕೆ ಇಳಿಯುತ್ತದೆ! ಈ ಅಂಕಿಗಳು ಗೆರೆ ಎಳೆದಂತೆ ನಿಖರವಲ್ಲ, ಆ್ಯಪ್‌ಗಳ ಲೆಕ್ಕವೂ ತಪ್ಪುತ್ತದೆ. ಆದರೆ ನಿಮ್ಮ ಕೊರತೆ ಎಷ್ಟು ದೊಡ್ಡದೆಂದರೆ ಸಣ್ಣಪುಟ್ಟ ತಪ್ಪುಗಳಿಂದ ಉತ್ತರ ಬದಲಾಗುವುದಿಲ್ಲ. ಈ ಓಟಕ್ಕೆ ನಿಮಗೆ ಬೇಕಿದ್ದದ್ದು ದಿನಕ್ಕೆ ಸುಮಾರು 2,200.

ಇಲ್ಲಿ ಒಂದು ಎಚ್ಚರಿಕೆ. 160 ಸೆಂ.ಮೀ. ಎತ್ತರಕ್ಕೆ 50 ಕಿಲೋ ಎಂದರೆ ಬಿ.ಎಂ.ಐ. (ಎತ್ತರಕ್ಕೆ ತಕ್ಕ ತೂಕದ ಅಳತೆ) 19.5, ಅಂದರೆ ಪಟ್ಟಿಯಲ್ಲಿ 'ಸರಿಯಾದ ತೂಕ'. ಅದಕ್ಕೇ ಯಾರಿಗೂ ಅನುಮಾನ ಬಂದಿಲ್ಲ. ಎಲುಬು ಕಾಣುವಷ್ಟು ಸೊರಗಿದವರಿಗೆ ಮಾತ್ರ ಮುಟ್ಟು ನಿಲ್ಲುತ್ತದೆ ಎಂಬುದು ತಪ್ಪು ತಿಳಿವಳಿಕೆ. ತೂಕ ಇಳಿಯದೆಯೂ ಹೀಗಾಗಬಹುದು, ಏಕೆಂದರೆ ಶಕ್ತಿ ಸಾಲದ ಮೈ ಖರ್ಚನ್ನು ತಗ್ಗಿಸಿಕೊಂಡು ತೂಕ ಕಾಪಾಡಿಕೊಳ್ಳುತ್ತದೆ.

ಈ ಕೊರತೆ ನಮ್ಮ ಹೆಂಗಸರಲ್ಲಿ ಹೇಗೆ ಬೆಳೆಯುತ್ತದೆ ಎಂಬುದು ನನಗೆ ಗೊತ್ತು. ಐದು ಗಂಟೆಗೆ ಎದ್ದು ಓಡಿ ಬಂದವಳು ಮಗುವಿನ ಡಬ್ಬಿ, ಗಂಡನ ತಿಂಡಿ, ಹಿರಿಯರ ಕಾಫಿ ಮುಗಿಸುವಷ್ಟರಲ್ಲಿ ಕಚೇರಿಯ ಹೊತ್ತಾಗಿರುತ್ತದೆ. ತನ್ನ ತಟ್ಟೆ ಕೊನೆಯದು, ಅದರಲ್ಲಿ ಉಳಿದಿದ್ದಷ್ಟೇ. ಅದರ ಮೇಲೆ ತೂಕ ಇಳಿದಾಗ ಸಿಗುವ ಮೆಚ್ಚುಗೆ. ಕಠಿಣ ಓಟದ ನಂತರ ಹಸಿವು ಕೆಲಕಾಲ ಮಂಕಾಗುವುದೂ ಉಂಟು, ಆದ್ದರಿಂದ 'ಹಸಿವಾಗಲಿಲ್ಲ, ತಿನ್ನಲಿಲ್ಲ' ಎನ್ನುವುದು ಓಟಗಾರ್ತಿಗೆ ಸರಿಯಾದ ಅಳತೆಯಲ್ಲ. ಗಂಟೆ ನೋಡಿ ತಿನ್ನಬೇಕು.

ಏನು ತಿನ್ನಬೇಕು ಎಂದರೆ ವಿದೇಶಿ ಪುಡಿಗಳೇನೂ ಬೇಡ. ಮಧ್ಯಾಹ್ನದವರೆಗಿನ ಉಪವಾಸವನ್ನು ಮೊದಲು ನಿಲ್ಲಿಸಿ. ಸೋಮವಾರದ ಒಪ್ಪತ್ತನ್ನು ಮುಟ್ಟು ಮರಳುವವರೆಗೆ ಬಿಡಿ. ಬಿಡಲು ಮನಸ್ಸೊಪ್ಪದಿದ್ದರೆ ಫಲಾಹಾರವನ್ನು ಹಾಲು, ಶೇಂಗಾ, ಬಾಳೆಹಣ್ಣು, ಅವಲಕ್ಕಿಯಿಂದ ತುಂಬಿಸಿ. ಬೆಳಿಗ್ಗೆ ವ್ಯಾಯಾಮಕ್ಕೆ ಮೊದಲು ಒಂದು ಬಾಳೆಹಣ್ಣು ಅಥವಾ ನಾಲ್ಕು ಖರ್ಜೂರ. ಮುಗಿಸಿ ಬಂದ ಅರ್ಧ ಗಂಟೆಯೊಳಗೆ ಹಾಲು ಬೆರೆಸಿದ ರಾಗಿ ಗಂಜಿ, ಆಮೇಲೆ ನಿಜವಾದ ತಿಂಡಿ. ರೊಟ್ಟಿ ಇನ್ನೊಂದು ಹೆಚ್ಚಲಿ, ಮೇಲೆ ಶೇಂಗಾ ಚಟ್ನಿಪುಡಿ ಗಟ್ಟಿ ಮೊಸರು ಬೀಳಲಿ, ಪಲ್ಯದ ಜಾಗದಲ್ಲಿ ದಿನಕ್ಕೊಮ್ಮೆ ಮೊಳಕೆ ಹೆಸರುಕಾಳೋ ಮಡಕೆಕಾಳೋ ಇರಲಿ. ಸಂಜೆ ಒಂದು ಹಿಡಿ ಶೇಂಗಾ ಬೆಲ್ಲ. 30 ಗ್ರಾಂ ಶೇಂಗಾದಲ್ಲೇ ಸುಮಾರು 170 ಕ್ಯಾಲೊರಿ ಇದೆ. ರಾತ್ರಿ ಅನ್ನ ಬೇಕೇ ಬೇಕು. ಅನ್ನವನ್ನು ಶತ್ರುವೆಂದು ತಿಳಿದ ದೂರದ ಓಟಗಾರ್ತಿಯನ್ನು ಕಂಡರೆ ನನಗೆ ಮರುಕ ಬರುತ್ತದೆ, ಏಕೆಂದರೆ ಆ ಓಟ ನಡೆಯುವುದೇ ಅದರ ಮೇಲೆ. ಮೂಳೆಗೆ ದಿನಕ್ಕೆ 1,000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ, ಉಳಿದದ್ದು ಹಾಲು ಮೊಸರಿನಿಂದ. ಒಮ್ಮೆಲೇ 800 ಕ್ಯಾಲೊರಿ ಹೆಚ್ಚಿಸಿದರೆ ಹೊಟ್ಟೆ ಉಬ್ಬರಿಸುತ್ತದೆ. ವಾರಕ್ಕೆ ಇನ್ನೂರು ಮುನ್ನೂರರಂತೆ ಏರಿಸಿ. ಒಂದೆರಡು ತಿಂಗಳಲ್ಲಿ ಎರಡು ಮೂರು ಕಿಲೋ ತೂಕ ಹೆಚ್ಚಬಹುದು, ಹೆಚ್ಚಬೇಕು. ಆ ಏರಿಕೆಯನ್ನು ಕಂಡು ಎದೆ ಡವಗುಟ್ಟಿದರೆ, ತಿಂದದ್ದಕ್ಕೆ ಶಿಕ್ಷೆಯಾಗಿ ಓಡಬೇಕೆನಿಸಿದರೆ, ಆಗ ಆಹಾರ ತಜ್ಞರ ಜೊತೆಗೆ ಮನೋವೈದ್ಯರ ಅಥವಾ ಆಪ್ತಸಮಾಲೋಚಕರ ನೆರವನ್ನೂ ಪಡೆಯಿರಿ. ಇದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ.

ಇಷ್ಟೆಲ್ಲ ಹೇಳಿದರೂ, ಪತ್ರ ಓದಿ ಕಾರಣವನ್ನು ತೀರ್ಮಾನ ಮಾಡುವುದು ಸರಿಯಲ್ಲ. ಶಕ್ತಿಯ ಕೊರತೆಯಿಂದ ಮುಟ್ಟು ನಿಂತಿದೆ ಎನ್ನುವುದು ಬೇರೆ ಕಾರಣಗಳನ್ನು ತೆಗೆದುಹಾಕಿದ ಮೇಲೆ ಬರುವ ತೀರ್ಮಾನ. ಮೊದಲ ಪರೀಕ್ಷೆ ಗರ್ಭಪರೀಕ್ಷೆ. ಅದನ್ನು ಮರೆತವರು ಬಹಳ. ಆಮೇಲೆ ಥೈರಾಯ್ಡ್, ಪ್ರೊಲ್ಯಾಕ್ಟಿನ್, ಎಫ್.ಎಸ್.ಎಚ್., ಎಲ್.ಎಚ್., ಈಸ್ಟ್ರಡಿಯೋಲ್ ಎಂಬ ಹಾರ್ಮೋನುಗಳ ರಕ್ತಪರೀಕ್ಷೆ. ಜೊತೆಗೆ ಸ್ಕ್ಯಾನ್. ಸ್ಕ್ಯಾನ್ ವಿಚಾರದಲ್ಲಿ ಎಚ್ಚರವಿರಲಿ: ಹೀಗೆ ಮುಟ್ಟು ನಿಂತವರ ಅಂಡಾಶಯದಲ್ಲೂ ಸಣ್ಣ ಸಣ್ಣ ಗುಳ್ಳೆಗಳು ಕಾಣುವುದುಂಟು. ಅದನ್ನು ಕಂಡು ಪಿ.ಸಿ.ಒ.ಎಸ್. (ಹಾರ್ಮೋನು ಏರುಪೇರಾಗಿ ಮುಟ್ಟು ತಪ್ಪುವ ಇನ್ನೊಂದು ತೊಂದರೆ) ಎಂದು ಹಣೆಪಟ್ಟಿ ಹಚ್ಚಿ, 'ತೂಕ ಇಳಿಸಿ, ವ್ಯಾಯಾಮ ಹೆಚ್ಚಿಸಿ' ಎಂದು ಕಳುಹಿಸಿದರೆ ನಿಮ್ಮ ವಿಷಯದಲ್ಲಿ ಅದು ನೇರ ಉಲ್ಟಾ ಚಿಕಿತ್ಸೆ. ಸ್ತ್ರೀರೋಗ ತಜ್ಞರಿಗೆ ನಿಮ್ಮ ವಾರದ ಕಿಲೋಮೀಟರ್, ಇಳಿದ ತೂಕ, ಊಟದ ಪಟ್ಟಿ ಮೂರನ್ನೂ ತೋರಿಸಿ. ನೀವು ಹೇಳದೆ ಅವರಿಗೆ ಗೊತ್ತಾಗುವುದಿಲ್ಲ. ಬಿರುಕು ಖಚಿತವಾದರೆ ಅಥವಾ ಮುಟ್ಟು ನಿಂತು ಆರು ತಿಂಗಳಾದರೆ ಮೂಳೆಸಾಂದ್ರತೆಯ ಡೆಕ್ಸಾ ಪರೀಕ್ಷೆಯನ್ನೂ ಮಾಡಿಸಬೇಕು.

21 ದಿನದ ಮಾತ್ರೆಯಿಂದ ಆದ ಸ್ರಾವದ ಬಗ್ಗೆ. ಅದು ಮಾತ್ರೆಯ ಹಾರ್ಮೋನು ನಿಂತಾಗ ಗರ್ಭಕೋಶದ ಒಳಪದರ ಕಳಚಿ ಬಂದ ಸ್ರಾವ. ಅಂಡಾಣು ಬಿಡುಗಡೆಯಾಗಿ ಆದ ಮುಟ್ಟಲ್ಲ. ಇಂಥ ಮಾತ್ರೆಗಳಿಗೆ ತಮ್ಮದೇ ಉಪಯೋಗಗಳಿವೆ, ಅವುಗಳನ್ನು ದೂರುತ್ತಿಲ್ಲ. ಆದರೆ ಮುಟ್ಟು ಮರಳಿಸಲೆಂದೋ ಮೂಳೆ ಉಳಿಸಲೆಂದೋ ಗರ್ಭನಿರೋಧಕ ಮಾತ್ರೆ ಕೊಡುವುದನ್ನು ಅಮೆರಿಕದ ಎಂಡೋಕ್ರೈನ್ ಸೊಸೈಟಿಯ 2017ರ ಮಾರ್ಗಸೂಚಿ ಬೆಂಬಲಿಸುವುದಿಲ್ಲ. ತಿಂಗಳು ತಿಂಗಳು ಸ್ರಾವ ಕಾಣುತ್ತದೆ, ಎಲ್ಲವೂ ಸರಿಯಿದೆ ಎನಿಸುತ್ತದೆ, ಒಳಗೆ ಕೊರತೆ ಹಾಗೆಯೇ ಮುಂದುವರಿಯುತ್ತದೆ. ಊಟ, ವಿಶ್ರಾಂತಿ ಸರಿಮಾಡಿ ಆರರಿಂದ ಹನ್ನೆರಡು ತಿಂಗಳಾದರೂ ಮುಟ್ಟು ಬಾರದಿದ್ದರೆ, ಚರ್ಮಕ್ಕೆ ಅಂಟಿಸುವ ಈಸ್ಟ್ರೊಜನ್ ಪಟ್ಟಿಯನ್ನು ಪ್ರೊಜೆಸ್ಟರಾನ್ ಜೊತೆ ಸ್ವಲ್ಪ ಕಾಲ ಬಳಸುವ ದಾರಿ ಇದೆ. ರಕ್ತ ಹೆಪ್ಪುಗಟ್ಟುವ ತೊಂದರೆ, ಸ್ತನದ ಗಡ್ಡೆ, ಯಕೃತ್ತಿನ ಕಾಯಿಲೆ ಇದ್ದವರಿಗೆ ಅದು ಆಗದು, ಹಾಗಾಗಿ ತಜ್ಞರೇ ನಿರ್ಧರಿಸಬೇಕು.

ಎರಡನೇ ಮಗುವಿನ ಆಸೆಯನ್ನು ಬಿಡಬೇಕಿಲ್ಲ. ಈ ಬಗೆಯಲ್ಲಿ ನಿಂತ ಮುಟ್ಟು ಬಹುತೇಕರಲ್ಲಿ ಮರಳುತ್ತದೆ. ಕೆಲವರಿಗೆ ಎರಡು ಮೂರು ತಿಂಗಳು, ಕೆಲವರಿಗೆ ವರ್ಷವೇ ಬೇಕಾಗಬಹುದು. ಎಷ್ಟು ಕಾಲ ನಿಂತಿತ್ತು, ಕೊರತೆ ಎಷ್ಟು ಆಳದ್ದು ಎಂಬುದರ ಮೇಲೆ ಅದು ನಿಂತಿದೆ. ನಿಮಗೆ 34 ಆಗಿರುವುದರಿಂದ ವರ್ಷಗಟ್ಟಲೆ ಕಾಯಿರಿ ಎನ್ನುವುದಿಲ್ಲ. ಆರು ತಿಂಗಳಲ್ಲಿ ಬಾರದಿದ್ದರೆ ಸಂತಾನ ತಜ್ಞರನ್ನು ಕಾಣಿ. ಇದರ ಇನ್ನೊಂದು ಮಗ್ಗುಲನ್ನೂ ಹೇಳುತ್ತೇನೆ. ಮರಳುವಾಗ ಮೊದಲು ಅಂಡಾಣು ಬಿಡುಗಡೆಯಾಗುತ್ತದೆ, ಮುಟ್ಟು ಎರಡು ವಾರ ತಡವಾಗಿ ಬರುತ್ತದೆ. ಮುಟ್ಟಿಲ್ಲವೆಂದು ನೆಚ್ಚಿಕೊಂಡವರು ಆ ಮೊದಲ ಬಾರಿಗೇ ಗರ್ಭಿಣಿಯಾಗಿದ್ದಾರೆ. ಮೂಳೆ ಕೂಡುವ ಮುನ್ನ ಮಗು ಬೇಡವೆಂದಿದ್ದರೆ ಕಾಂಡೋಮ್ ಬಳಸಿ.

ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ಇದು ಇದೆ, ಅದಕ್ಕೇ ಯಾರೂ ಗಂಭೀರವಾಗಿ ನೋಡುವುದಿಲ್ಲ. ಮಾತ್ರೆಯಿಂದಾದ ಒಂದು ಸ್ರಾವ ಬಿಟ್ಟರೆ ನಿಮ್ಮಲ್ಲಿ ಐದು ತಿಂಗಳಿಂದ ಮುಟ್ಟಿನ ರಕ್ತವೇ ಹೋಗಿಲ್ಲ, ಆದರೂ 11.2! ಊಟದಿಂದ ಬರುವ ಕಬ್ಬಿಣಾಂಶ ಎಷ್ಟು ಕಡಿಮೆಯಿರಬಹುದು ಎಂದು ಯೋಚಿಸಿ. ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ) ಮತ್ತು ವಿಟಮಿನ್ ಬಿ12 ನೋಡಿಸಿ. ಹಿಮೋಗ್ಲೋಬಿನ್ ಸರಿಯಿದ್ದೂ ಫೆರಿಟಿನ್ 30ಕ್ಕಿಂತ ಕಡಿಮೆಯಿರುವ ಓಟಗಾರ್ತಿಯರು ಏರು ಹತ್ತುವಾಗ ಸುಸ್ತಾಗುತ್ತಾರೆ. ಕಬ್ಬಿಣದ ಮಾತ್ರೆ ವೈದ್ಯರು ಬರೆದುಕೊಟ್ಟರೆ ದಿನ ಬಿಟ್ಟು ದಿನ ಸಾಕೇ ಎಂದು ಕೇಳಿ. ಆಗ ಹೀರಿಕೆ ಚೆನ್ನಾಗಿರುತ್ತದೆ, ಹೊಟ್ಟೆಗೂ ಹಿತ. ವ್ಯಾಯಾಮವಾದ ಮೂರರಿಂದ ಆರು ಗಂಟೆಯ ಹೊತ್ತಿಗೆ ಕಬ್ಬಿಣವನ್ನು ತಡೆಯುವ ಹೆಪ್ಸಿಡಿನ್ ಎಂಬ ಹಾರ್ಮೋನು ಏರುವುದರಿಂದ, ಬೆಳಿಗ್ಗೆಯೇ ನಿಂಬೆರಸದ ಜೊತೆ ನುಂಗುವುದು ಒಳ್ಳೆಯದು. ಅದರ ಹಿಂದೆ ಮುಂದೆ ಒಂದು ಗಂಟೆ ಟೀ ಬೇಡ.

ಕೊನೆಯಲ್ಲಿ ಆವರಣದೊಳಗೆ ಬರೆದ ಸಾಲು. ಅದನ್ನು ಬರೆದದ್ದಕ್ಕೆ ನನ್ನ ಮೆಚ್ಚುಗೆ ಇದೆ. ಹೆರಿಗೆಯಾದ ಹೆಂಗಸರಲ್ಲಿ ಓಡುವಾಗ, ಕೆಮ್ಮುವಾಗ ಮೂತ್ರ ಸೋರುವುದು ಬಹಳ ಸಾಮಾನ್ಯ, ಚಿಕಿತ್ಸೆಯೂ ಇದೆ. ಮೂತ್ರಕೋಶ, ಗರ್ಭಕೋಶಗಳನ್ನು ಕೆಳಗಿನಿಂದ ಹೊತ್ತಿರುವ ಸ್ನಾಯುಗಳು ಸಡಿಲವಾಗಿರುತ್ತವೆ. ಗಾಳಿ ಹೋಗುವುದನ್ನು ತಡೆಯುವಾಗ ಬಿಗಿಯಾಗುವ ಆ ಸ್ನಾಯುಗಳನ್ನು ಬಿಗಿಹಿಡಿದು ಎಂಟು ಹತ್ತು ಸೆಕೆಂಡು ನಿಲ್ಲಿಸಿ ಬಿಡುವುದು, ಹೀಗೆ ಎಂಟು ಹತ್ತು ಬಾರಿ, ದಿನಕ್ಕೆ ಮೂರು ಸಲ. ಕನಿಷ್ಠ ಮೂರು ತಿಂಗಳು ಮಾಡಬೇಕು. ಸರಿಯಾದ ಸ್ನಾಯುವನ್ನೇ ಬಿಗಿಯುತ್ತಿದ್ದೀರಾ ಎಂದು ಮಹಿಳಾ ಫಿಸಿಯೊಥೆರಪಿಸ್ಟ್ ಒಬ್ಬರಿಂದ ಒಮ್ಮೆ ನೋಡಿಸಿಕೊಂಡರೆ ಕೆಲಸ ಬೇಗ ಆಗುತ್ತದೆ. ಓಟದ ಹಿಂದಿನ ದಿನದಿಂದ ನೀರು ಕುಡಿಯದಿರುವುದು ಪರಿಹಾರವಲ್ಲ. ಕೆಳಗೆ ಏನೋ ಜಾರಿದಂತೆ, ಭಾರವಾದಂತೆ ಅನಿಸಿದರೆ ಮಾತ್ರ ಸ್ತ್ರೀರೋಗ ತಜ್ಞರಿಗೆ ತೋರಿಸಿ.

ಮುಂಬೈ ಬಗ್ಗೆ ನನ್ನ ಉತ್ತರ ನಿಮಗೆ ಇಷ್ಟವಾಗುವುದಿಲ್ಲ. ಈ ಜನವರಿಗೆ ಬೇಡ. ಬಿರುಕು ಸಣ್ಣದಾಗಿದ್ದರೂ ಆರರಿಂದ ಎಂಟು ವಾರ ಓಟವಿಲ್ಲ, ಆಮೇಲೆ ನಿಧಾನವಾಗಿ ಮರಳಬೇಕು. ಅಷ್ಟರಲ್ಲಿ ಜನವರಿ ಬಂದಿರುತ್ತದೆ. 'ನಡೆದಾದರೂ ಮುಗಿಸುತ್ತೇನೆ' ಎನ್ನುವವರಿದ್ದಾರೆ. ಐದಾರು ಗಂಟೆ ಗಟ್ಟಿ ರಸ್ತೆಯ ಮೇಲೆ ನಡೆದರೂ ಮೂಳೆಗೆ ಅದು ದೊಡ್ಡ ಹೊರೆಯೇ, ಗುಂಪಿನ ನಡುವೆ ನಡಿಗೆ ಓಟವಾಗುವುದನ್ನು ತಡೆಯುವುದೂ ಕಷ್ಟ. ನೋಂದಣಿ ಹಣ ಹೋಗಬಹುದು. ಮುಂದಿನ ವರ್ಷಕ್ಕೆ ವರ್ಗಾಯಿಸಲು ಸಾಧ್ಯವೇ ಎಂದು ಸಂಘಟಕರನ್ನು ಕೇಳಿ ನೋಡಿ. ಏಪ್ರಿಲ್, ಮೇ ಹೊತ್ತಿಗೆ ಬೆಂಗಳೂರಿನಲ್ಲಿ ನಡೆಯುವ 10 ಕಿ.ಮೀ. ಓಟ ನಿಮಗೆ ಒಳ್ಳೆಯ ಗುರಿ, ಅಷ್ಟರೊಳಗೆ ಮುಟ್ಟು ಮರಳಿದ್ದರೆ. ಪೂರ್ತಿ ಮ್ಯಾರಥಾನ್‌ನ ತರಬೇತಿಯನ್ನು ಸತತ ಮೂರು ಸಹಜ ಮುಟ್ಟು ಆದ ಮೇಲೆ ಶುರು ಮಾಡಿ. ಇದು ನನ್ನ ರೋಗಿಗಳಿಗೆ ನಾನು ಹಾಕುವ ಷರತ್ತು. ಇದಕ್ಕಿಂತ ಬೇಗ ಬಿಡುವ ವೈದ್ಯರೂ ಇದ್ದಾರೆ, ಆದರೆ ಬಿರುಕು ಬಿಟ್ಟ ಕಾಲು ಇರುವವರ ವಿಷಯದಲ್ಲಿ ನಾನು ಸಡಿಲಿಸುವುದಿಲ್ಲ.

ಓಟವಿಲ್ಲದ ವಾರಗಳಲ್ಲಿ ನೋವಾಗದಿದ್ದರೆ ಈಜು ಅಥವಾ ಸೈಕಲ್, ವಾರಕ್ಕೆ ಮೂರು ನಾಲ್ಕು ದಿನ, ಬೆವರು ಹರಿಯುವಷ್ಟು ಜೋರಾಗಿ ಬೇಡ. ಅದೂ ಶಕ್ತಿಯ ಖರ್ಚೇ, ಊಟದ ಲೆಕ್ಕಕ್ಕೆ ಅದನ್ನೂ ಸೇರಿಸಿ. ಕಾಲಿಗೆ ಭಾರವಾಗದ ತೊಡೆ, ಸೊಂಟದ ವ್ಯಾಯಾಮಗಳನ್ನು ಬಿಡಬೇಡಿ. ಮೂಳೆಯನ್ನು ಒತ್ತಿದಾಗ ನೋವಿಲ್ಲದೆ, ಅರ್ಧ ಗಂಟೆ ಬಿರುಸಾಗಿ ನಡೆದಾಗಲೂ ಅದೇ ರಾತ್ರಿಯೂ ನೋವಿಲ್ಲದೆ ಒಂದು ವಾರ ಕಳೆದ ಮೇಲೆ ಓಟಕ್ಕೆ ಮರಳಿ. ಮಣ್ಣಿನ ದಾರಿಯಲ್ಲಿ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಒಟ್ಟು ಇಪ್ಪತ್ತು ನಿಮಿಷ, ದಿನ ಬಿಟ್ಟು ದಿನ. ವಾರಕ್ಕೊಂದು ಹೆಜ್ಜೆಯಂತೆ ಓಟವನ್ನು ಹೆಚ್ಚಿಸಿ, ನಡಿಗೆಯನ್ನು ಇಳಿಸಿ. ದೂರ ಮೊದಲು, ವೇಗ ಆಮೇಲೆ. ಅದೇ ನಾಣ್ಯದಗಲದ ಜಾಗದಲ್ಲಿ ನೋವು ಮರುಕಳಿಸಿದರೆ ಎರಡು ದಿನ ಬಿಟ್ಟು ಹಿಂದಿನ ವಾರದ ಅಳತೆಗೆ ಹೋಗಿ, ಎರಡನೇ ಬಾರಿಯೂ ಬಂದರೆ ಎಂ.ಆರ್.ಐ. ವರದಿ, ಫೆರಿಟಿನ್ ಅಂಕಿ, ಊಟದ ಪಟ್ಟಿ ಹಿಡಿದುಕೊಂಡು ನಿಮ್ಮ ಹತ್ತಿರದ ಕ್ರೀಡಾ ವೈದ್ಯರ ಬಳಿ ಹೋಗಿ.